‘ಸಾವಿನಲ್ಲಿ ಯಾವ ಅನುಮಾನವೂ ಇಲ್ಲ’ ಎಂದು ಬರೆದುಕೊಟ್ಟ ಮೇಲೆ

ಕೆಲವು ಸಾವಿನ ಸುದ್ದಿಗಳು ಜಿಲ್ಲಾ ಪತ್ರಿಕೆಗಳಲ್ಲಿ ಮೂರು ದಿನ ಮೂರು ಬಣ್ಣ ತಾಳುತ್ತವೆ. ಮೊದಲ ದಿನ ‘ಮಾದಕ ವಸ್ತು ಸೇವನೆ ಶಂಕೆ’. ಮರುದಿನ ‘ಹೃದಯಾಘಾತ ಎನ್ನಲಾಗಿದೆ’. ಮೂರನೆಯ ದಿನ ‘ಪ್ರಯೋಗಾಲಯದ ವರದಿ ಬಂದ ಬಳಿಕವಷ್ಟೇ ನಿಖರ ಕಾರಣ ತಿಳಿಯಲಿದೆ’. ಅಲ್ಲಿಗೆ ಸುದ್ದಿ ನಿಲ್ಲುತ್ತದೆ. ವರದಿ ಬಂತೇ, ಬಂದಿದ್ದರೆ ಅದರಲ್ಲಿ ಏನಿತ್ತು ಎಂಬ ನಾಲ್ಕನೆಯ ಸುದ್ದಿ ಕಾಣುವುದು ಅಪರೂಪ. ಅದೇ ಪುಟದ ಇನ್ನೊಂದು ಮೂಲೆಯಲ್ಲಿ, ಮೆಕ್ಕೆಜೋಳದ ನಡುವೆ ಅಡಗಿಸಿ ಬೆಳೆದ ಗಾಂಜಾ ಗಿಡಗಳನ್ನು ಕಿತ್ತು ನೆಲದ ಮೇಲೆ ಹರಡಿ, ಹಿಂದೆ ಅಧಿಕಾರಿಗಳು ಸಾಲಾಗಿ ನಿಂತ ಚಿತ್ರವಿರುತ್ತದೆ. ಗಿಡದ ತೂಕ ಗ್ರಾಂ ಲೆಕ್ಕದಲ್ಲಿ ಅಚ್ಚಾಗಿರುತ್ತದೆ, ಅಂದಾಜು ಬೆಲೆಯೂ ಇರುತ್ತದೆ. ಸತ್ತವನ ಮನೆಯವರ ಪಾಡು ಮಾತ್ರ ಎರಡೂ ಸುದ್ದಿಗಳಲ್ಲಿ ಇರುವುದಿಲ್ಲ.

ಇಂಥ ಸುದ್ದಿ ಓದಿದವರಿಗೆ ಸಹಜವಾಗಿಯೇ ಕೆಲವು ಪ್ರಶ್ನೆಗಳು ಏಳುತ್ತವೆ. ಮಾದಕ ವಸ್ತುವಿನಿಂದಲೇ ಸತ್ತ ಎಂದು ತೀರ್ಮಾನಿಸುವವರು ಯಾರು, ಯಾವಾಗ? ಅಲ್ಲಿಯವರೆಗೆ ಮನೆಯವರಿಗೆ ದಿಕ್ಕು ಯಾರು? ‘ನಶಾಮುಕ್ತ’ ಎಂದು ಶಾಲಾ ಮಕ್ಕಳ ಜಾಥಾ, ಪ್ರತಿಜ್ಞಾವಿಧಿ, ಸಹಾಯವಾಣಿ ಎಲ್ಲ ನಡೆಯುತ್ತಿರುವಾಗ ಅದರಲ್ಲಿ ಈ ಮನೆಗಳಿಗೆ ಏನಾದರೂ ಉಂಟೇ? ಕಡೆಯ ಪ್ರಶ್ನೆಗೆ ಚಿಕ್ಕ ಉತ್ತರವಿದೆ: ಇವರಿಗೆಂದೇ ರೂಪಿಸಿದ ಸರ್ಕಾರಿ ಯೋಜನೆ ಇಲ್ಲ. ಉಳಿದದ್ದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಒಂದೇ ಹೆಸರು, ಎರಡು ಬಾಗಿಲು

ಗೊಂದಲ ಸಹಾಯವಾಣಿಯಿಂದಲೇ ಶುರುವಾಗುತ್ತದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಆರೋಗ್ಯ ಸಚಿವಾಲಯ ‘ಟೆಲಿ ಮಾನಸ್’ ಆರಂಭಿಸಿತು, ಸಂಖ್ಯೆ 14416. ಇದು ಮಾನಸಿಕ ಆರೋಗ್ಯದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. 2024ರ ಜುಲೈನಲ್ಲಿ ಇನ್ನೊಂದು ಬಂತು, ಅದರ ಹೆಸರೂ ‘ಮಾನಸ್’, ಸಂಖ್ಯೆ 1933. ಇದು ಗೃಹ ಸಚಿವಾಲಯದ ಅಡಿಯ ಮಾದಕ ವಸ್ತು ನಿಯಂತ್ರಣ ಬ್ಯೂರೊಗೆ ಸೇರಿದ್ದು. ಸಾಗಣೆ, ಮಾರಾಟದ ಮಾಹಿತಿ ಕೊಡುವುದಕ್ಕೆ ಮುಖ್ಯವಾಗಿ ಇರುವ ಸಂಖ್ಯೆ; ವ್ಯಸನ ಬಿಡಿಸುವ ಸಲಹೆಯನ್ನೂ ಕೇಳಬಹುದು. ಇವೆರಡರ ನಡುವೆ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ 14446 ಬೇರೆ.

ಮೂರು ಸಚಿವಾಲಯ, ಮೂರು ಸಂಖ್ಯೆ, ಎರಡಕ್ಕೆ ಒಂದೇ ಹೆಸರು. ಮಗನನ್ನು ಮಣ್ಣು ಮಾಡಿ ಬಂದ ತಾಯಿ ‘ಮಾನಸ್’ ಎಂದು ಕೇಳಿದ ಹೆಸರನ್ನೇ ನೆನಪಿಟ್ಟುಕೊಂಡು ಕರೆ ಮಾಡಿದರೆ, ದುಃಖ ಹೇಳಿಕೊಳ್ಳಬೇಕಾದಲ್ಲಿ ‘ಯಾರು ಮಾರುತ್ತಿದ್ದರು’ ಎಂಬ ಪ್ರಶ್ನೆ ಎದುರಾದೀತು. ಯೋಜನೆ ರೂಪಿಸಿದವರಲ್ಲಿ ದುರುದ್ದೇಶವೇನೂ ಇರಲಿಕ್ಕಿಲ್ಲ. ಆದರೆ ಒಂದನ್ನು ಗಮನಿಸಬೇಕು: ಮಾರುವವನಿಗೊಂದು ಬಾಗಿಲು, ಸೇದುವವನಿಗೊಂದು ಬಾಗಿಲು ಇದೆ. ಸತ್ತವನ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ತೆರೆದ ಬಾಗಿಲು ಇಲ್ಲ. ಸದ್ಯಕ್ಕೆ ಅವರಿಗೆ ಹತ್ತಿರದ್ದು 14416.

‘ಮಾದಕ ವಸ್ತುವಿನಿಂದ ಸಾವು’ ಎಂದರೆ ಯಾವುದು?

ವ್ಯವಸ್ಥೆ ಇಲ್ಲದಿರುವುದಕ್ಕೆ ಒಂದು ಕಾರಣ ಲೆಕ್ಕದಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಇಡೀ ದೇಶದಲ್ಲಿ ಅತಿ ಪ್ರಮಾಣದ ಮಾದಕ ವಸ್ತು ಸೇವನೆಯಿಂದ ಸತ್ತವರು 681 ಮಂದಿ. ಇಷ್ಟೇ ಓದಿದರೆ, ಶಿವಮೊಗ್ಗದಂಥ ಜಿಲ್ಲೆಗೆ ಇದೊಂದು ಸಮಸ್ಯೆಯೇ ಅಲ್ಲ ಎನಿಸುತ್ತದೆ. ಅದೇ ವರದಿಯ ಇನ್ನೊಂದು ಪಟ್ಟಿಯಲ್ಲಿ ಆ ವರ್ಷದ 1,70,924 ಆತ್ಮಹತ್ಯೆಗಳ ಕಾರಣಗಳಿವೆ. ಅದರಲ್ಲಿ ಶೇ 6.8ರಷ್ಟು ಮಾದಕ ವಸ್ತು ಮತ್ತು ಮದ್ಯವ್ಯಸನದ ಹೆಸರಿನಲ್ಲಿವೆ. ಅಂದರೆ ಹನ್ನೊಂದೂವರೆ ಸಾವಿರಕ್ಕೂ ಹೆಚ್ಚು. ಅಮಲಿನಲ್ಲಿ ಬೈಕ್ ಓಡಿಸಿ ಸತ್ತವರು ರಸ್ತೆ ಅಪಘಾತದ ಲೆಕ್ಕಕ್ಕೆ, ಕೆರೆಗೆ ಬಿದ್ದವರು ಮುಳುಗಿದವರ ಲೆಕ್ಕಕ್ಕೆ, ಯಕೃತ್ತು ಕೆಟ್ಟವರು ಕಾಯಿಲೆಯ ಲೆಕ್ಕಕ್ಕೆ ಹೋಗುತ್ತಾರೆ.

ಮಲೆನಾಡಿನಲ್ಲಿ ಹೆಚ್ಚು ಸುದ್ದಿಯಾಗುವುದು ಗಾಂಜಾ. ಗಾಂಜಾ ಒಂದರಿಂದಲೇ, ಪ್ರಮಾಣ ಮೀರಿ ಸಾಯುವುದು ತೀರಾ ವಿರಳ. ಅದು ಕೊಲ್ಲುವ ದಾರಿ ಸುತ್ತಿನದು: ಕೆಲವರಲ್ಲಿ ಚಿತ್ತವಿಕಲತೆ, ಆತ್ಮಹತ್ಯೆ, ಅಪಘಾತ. ಹೆರಾಯಿನ್ ಮತ್ತು ಅದೇ ಗುಂಪಿನ ನೋವು ನಿವಾರಕಗಳ ದಾರಿ ನೇರ. ಪ್ರಮಾಣ ಮೀರಿದರೆ ಉಸಿರಾಟ ನಿಧಾನವಾಗಿ ನಿಂತೇಹೋಗುತ್ತದೆ. ಮದ್ಯದ ಜೊತೆ ನಿದ್ರೆ ಮಾತ್ರೆ ಸೇರಿದರೂ ಇದೇ ಅಪಾಯ.

ಇಲ್ಲಿಯೇ ‘ಪಾಸಿಟಿವ್’ ಎಂಬ ಪದ ಓದುಗರನ್ನು ದಾರಿ ತಪ್ಪಿಸುವುದು. ಗಾಂಜಾದ ಅಂಶ ಮೂತ್ರದಲ್ಲಿ ಹಲವು ದಿನ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಸತ್ತವನ ದೇಹದಲ್ಲಿ ಅದು ಸಿಕ್ಕಿತು ಎಂದರೆ ಅವನು ಸೇವಿಸಿದ್ದ ಎಂದರ್ಥ. ಅದರಿಂದಲೇ ಸತ್ತ ಎಂದಲ್ಲ. ವೈದ್ಯರು ಅಭಿಪ್ರಾಯ ಕಾಯ್ದಿರಿಸುವುದೂ, ಪೊಲೀಸರು ‘ವರದಿ ಬರಲಿ’ ಎನ್ನುವುದೂ ನುಣುಚಿಕೊಳ್ಳಲಿಕ್ಕೇ ಎಂದು ತಿಳಿಯಬೇಕಿಲ್ಲ. ವಿಜ್ಞಾನಕ್ಕೆ ಸಮಯ ಬೇಕು. ಆ ಸಮಯವನ್ನು ಮನೆಯವರು ಹೇಗೆ ದಾಟುತ್ತಾರೆ ಎಂಬುದು ಮಾತ್ರ ಯಾರ ಹೊಣೆಯೂ ಆಗಿಲ್ಲ.

ಮಲೆನಾಡಿಗೆ ಸಾವು ಎಣಿಸಲು ಬಾರದು ಎನ್ನುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಸಾವುಗಳನ್ನು ಆರೋಗ್ಯ ಇಲಾಖೆ ಈಗಲೂ ಒಂದೊಂದಾಗಿ ದಾಖಲಿಸುತ್ತದೆ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮಂಗನ ಕಾಯಿಲೆ ಹರಡುವ ಉಣುಗು ಕಚ್ಚಿ ಸತ್ತವನ ಮನೆಗೆ ಆರೋಗ್ಯ ಸಿಬ್ಬಂದಿ ಬರುತ್ತಾರೆ. ಎಣಿಕೆ ಇದ್ದಲ್ಲಿ ಸಿಬ್ಬಂದಿ ಇರುತ್ತಾರೆ, ಎಣಿಸದ ಸಾವಿಗೆ ಹುದ್ದೆ ಮಂಜೂರಾಗುವುದಿಲ್ಲ.

ಶವಾಗಾರದ ಹೊರಗೆ

ಸಾವು ಅಸಹಜ ಎನಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನ ಅಡಿ ಪೊಲೀಸರು ವಿಚಾರಣೆ ನಡೆಸಬೇಕು. 2024ರ ಜುಲೈ 1ಕ್ಕೆ ಮುನ್ನ ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಾಗಿತ್ತು. ಠಾಣೆಯ ಭಾಷೆಯಲ್ಲಿ ಇದು ‘ಯುಡಿಆರ್’, ಅಂದರೆ ಅಸ್ವಾಭಾವಿಕ ಮರಣ ಪ್ರಕರಣ. ಶವ ಆಸ್ಪತ್ರೆಯ ಶವಾಗಾರಕ್ಕೆ ಹೋಗುತ್ತದೆ. ಪಂಚರ ಸಮ್ಮುಖದಲ್ಲಿ ಮಹಜರು, ಆಮೇಲೆ ಮರಣೋತ್ತರ ಪರೀಕ್ಷೆ. ಜಠರ, ಯಕೃತ್ತು, ಮೂತ್ರಪಿಂಡದ ತುಣುಕುಗಳು ಉಪ್ಪಿನ ದ್ರಾವಣ ತುಂಬಿದ ಬಾಟಲಿಗಳಲ್ಲಿ ಮೊಹರಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೊರಡುತ್ತವೆ.

ಇದಕ್ಕೆಲ್ಲ ಮೊದಲು ಮನೆಯವರೊಬ್ಬರು ದೂರು ಬರೆದುಕೊಡಬೇಕು. ಸಾಮಾನ್ಯವಾಗಿ ಅಪ್ಪ, ಇಲ್ಲವೇ ಅಣ್ಣ. ಬರೆಯುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ಊರಿನ ತಿಳಿದವರೊಬ್ಬರೋ ಠಾಣೆಯ ಬರಹಗಾರರೋ ಬರೆಯುತ್ತಾರೆ, ಇವರು ಸಹಿ ಹಾಕುತ್ತಾರೆ. ಇಂಥ ದೂರುಗಳ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ ಅಚ್ಚಿನದು: ಮೃತನ ಸಾವಿನಲ್ಲಿ ಬೇರೆ ಯಾವ ಅನುಮಾನವೂ ಇರುವುದಿಲ್ಲ, ಮುಂದಿನ ಕ್ರಮ ಜರುಗಿಸಿ ಶವವನ್ನು ಅಂತ್ಯಸಂಸ್ಕಾರಕ್ಕೆ ಬಿಟ್ಟುಕೊಡಬೇಕಾಗಿ ವಿನಂತಿ.

ಈ ಸಾಲಿಗೆ ಕಚೇರಿಯ ದೃಷ್ಟಿಯಲ್ಲಿ ಸರಳ ಉದ್ದೇಶವಿದೆ. ಕೊಲೆಯ ಶಂಕೆ ಇದ್ದರೆ ಪ್ರಕರಣದ ಜಾಡೇ ಬೇರೆ. ಇಲ್ಲವೆಂದರೆ ಇದು ಬೇಗ ಮುಗಿಯುತ್ತದೆ. ಆದರೆ ಅದಕ್ಕೆ ಸಹಿ ಹಾಕಿದವನ ಕಡೆಯಿಂದ ನೋಡಿ. ಶವ ಬೇಗ ಸಿಗಲಿ ಎಂದು, ಸಾವಾಗಿ ಕೆಲವೇ ಗಂಟೆಗಳಲ್ಲಿ, ತನಗೆ ಅನುಮಾನವೇ ಇಲ್ಲವೆಂದು ಅವನು ಬರೆದುಕೊಟ್ಟಿರುತ್ತಾನೆ. ಅವನ ಅನುಮಾನಗಳು ಹುಟ್ಟುವುದು ಸೂತಕ ಕಳೆದ ಮೇಲೆ. ಆ ರಾತ್ರಿ ಜೊತೆಯಲ್ಲಿದ್ದವರು ಆಸ್ಪತ್ರೆಗೆ ಕರೆದೊಯ್ಯಲು ತಡ ಮಾಡಿದರೇ? ಹೆದರಿ ಬಿಟ್ಟು ಓಡಿದರೇ? ತಾನೇ ಆಗಿ ತೆಗೆದುಕೊಂಡನೇ, ಯಾರಾದರೂ ಕೊಟ್ಟರೇ? ಬೇಕೆಂದೇ ಸತ್ತನೇ, ಅರಿಯದೆ ಸತ್ತನೇ? ಕೊನೆಯ ಪ್ರಶ್ನೆಗೆ ಎಷ್ಟೋ ಬಾರಿ ಪ್ರಯೋಗಾಲಯದಲ್ಲೂ ಉತ್ತರವಿರುವುದಿಲ್ಲ.

ಓದಲು, ದುಡಿಯಲು ಹೋದ ಮಕ್ಕಳು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಸತ್ತರೆ ತೊಡಕು ಇಮ್ಮಡಿ. ಪ್ರಕರಣ ಅಲ್ಲಿಯ ಠಾಣೆಯದು, ಕಾಗದಗಳು ಅಲ್ಲಿಯ ಆಸ್ಪತ್ರೆಯವು. ಹೊಸನಗರದ ಒಂಟಿಮನೆಯ ತಂದೆ ಒಂದು ಪ್ರತಿಗಾಗಿ ರಾತ್ರಿ ಬಸ್ಸು ಹತ್ತಬೇಕು. ಮೊಬೈಲ್ ಜಪ್ತಿಯಾಗಿದ್ದರೆ ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಪ್ರಯಾಣ.

ಕಾನೂನಿನ ಭಯವೂ ಇದರ ಮೇಲೆ ಕುಳಿತಿರುತ್ತದೆ. ಇಲ್ಲಿ ಮೂರು ಸಂಗತಿ ಸ್ಪಷ್ಟವಿರಬೇಕು. 1985ರ ಮಾದಕ ವಸ್ತು ಕಾಯ್ದೆಯ 27ನೇ ಕಲಮು ಸೇವಿಸಿದವನನ್ನು ಶಿಕ್ಷಿಸುತ್ತದೆ. ಸತ್ತವನು ಸೇವಿಸಿದ್ದ ಎಂಬ ಕಾರಣಕ್ಕಷ್ಟೇ ಮನೆಯವರು ಆರೋಪಿಗಳಾಗುವುದಿಲ್ಲ. ಸಾಕ್ಷಿಯಾಗಿ ಪ್ರಶ್ನಿಸಬಹುದು, ಆದರೆ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ಮಹಿಳೆಯರನ್ನು, 60 ದಾಟಿದ ಪುರುಷರನ್ನು ಅದಕ್ಕಾಗಿ ಠಾಣೆಗೆ ಕರೆಸುವಂತಿಲ್ಲ. ಅವರು ವಾಸವಿರುವಲ್ಲಿಗೇ ಹೋಗಿ ಕೇಳಬೇಕು. ಮೂರನೆಯದು ಕಹಿ. ಅದೇ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನನ್ನು ಮೊಕದ್ದಮೆಯಿಂದ ಪಾರು ಮಾಡುತ್ತದೆ. ಆಸ್ಪತ್ರೆಗೆ ಕರೆದೊಯ್ದರೆ ಕೇಸಾಗುತ್ತದೆ ಎಂದು ಹೆದರಿ ಮನೆಯಲ್ಲೇ ಕೂಡಿಹಾಕಿದವರಿಗೆ ಈ ಕಲಮಿನ ವಿಷಯ ತಿಳಿಯುವುದು ಸಾವಿನ ನಂತರ. ಆಗ ಅದು ಮಾಹಿತಿಯಾಗಿ ಉಳಿಯುವುದಿಲ್ಲ, ಎದೆಗೆ ಚುಚ್ಚಿಕೊಳ್ಳುವ ಮುಳ್ಳಾಗುತ್ತದೆ.

ಮಾತನಾಡಿಸಲು ಬಂದವರು

ಸಾವಿನ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ‘ಮಾತನಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಒಳ್ಳೆಯ ಪದ. ಹೋದವರು ಜಗುಲಿಯಲ್ಲಿ ಕುಳಿತು, ಹೇಗಾಯಿತು ಎಂದು ಕೇಳುತ್ತಾರೆ. ಮನೆಯವರು ಮೊದಲಿನಿಂದ ಹೇಳುತ್ತಾರೆ. ಹತ್ತು ದಿನದಲ್ಲಿ ಐವತ್ತು ಸಲ ಹೇಳಿ ಹೇಳಿ ಆ ಕಥೆಗೊಂದು ಆಕಾರ ಬರುತ್ತದೆ, ಕೊರಳು ಸ್ವಲ್ಪ ಸಡಿಲಾಗುತ್ತದೆ. ಯಾವ ಆಪ್ತಸಮಾಲೋಚಕರೂ ಇಲ್ಲದ ಕಾಲದಿಂದ ಮಲೆನಾಡು ದುಃಖವನ್ನು ನಿಭಾಯಿಸಿರುವುದು ಹೀಗೆ.

ಮಾದಕ ವಸ್ತುವಿನ ಸಾವಿನಲ್ಲಿ ಮುರಿಯುವುದು ಇದೇ ಯಂತ್ರ. ‘ಹೇಗಾಯಿತು’ ಎಂಬ ಪ್ರಶ್ನೆಗೆ ಮನೆಯವರು ‘ಹಾರ್ಟ್ ಅಟ್ಯಾಕ್’ ಎನ್ನುತ್ತಾರೆ. ಬಂದವರಿಗೆ ಅದು ಸುಳ್ಳೆಂದು ಗೊತ್ತು. ಬಂದವರಿಗೆ ಗೊತ್ತೆಂದು ಮನೆಯವರಿಗೂ ಗೊತ್ತು. ಕಾಫಿ ಬರುತ್ತದೆ, ಅಡಿಕೆ ಧಾರಣೆಯ ಮಾತು ಬರುತ್ತದೆ, ಎದ್ದು ಹೋಗುತ್ತಾರೆ. ನಿಧನ ವಾರ್ತೆಯಲ್ಲಿ ಕಾರಣವಿರುವುದಿಲ್ಲ, ಬಸ್‌ ನಿಲ್ದಾಣದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ನಗುವ ಮುಖ, ಎರಡು ದಿನಾಂಕ, ಅಷ್ಟೇ.

ಇನ್ನು ಕೆಲವರು ಸಮಾಧಾನವೆಂದೇ ಹೇಳುವ ಒಂದು ಮಾತಿದೆ: ಒಂದು ಲೆಕ್ಕದಲ್ಲಿ ಹೋಗಿದ್ದೇ ಒಳ್ಳೆಯದಾಯಿತು, ನಿಮಗೂ ಕಾಟ ತಪ್ಪಿತು. ಇದರಷ್ಟು ಆಳಕ್ಕೆ ಇಳಿಯುವ ಮಾತು ಬೇರೆ ಇಲ್ಲ, ಏಕೆಂದರೆ ಅದರಲ್ಲಿ ಎಳ್ಳಷ್ಟು ನಿಜವಿದೆ. ವರ್ಷಗಟ್ಟಲೆ ರಾತ್ರಿಯ ಫೋನಿಗೆ ಬೆಚ್ಚಿ, ಕಪಾಟಿನ ಬೀಗ ಬದಲಿಸಿ, ಮಂಡಿಯಲ್ಲಿ ಮುಂಗಡ ತಂದು ಚಿಕಿತ್ಸಾ ಕೇಂದ್ರಕ್ಕೆ ಕಟ್ಟಿದ ಮನೆ ಅದು. ಸಾವಿನ ದಿನ ಅಲ್ಲಿ ನಿಟ್ಟುಸಿರೂ ಹುಟ್ಟುತ್ತದೆ. ನಿಟ್ಟುಸಿರು ಬಿಟ್ಟೆನಲ್ಲ ಎಂಬ ಪಾಪಪ್ರಜ್ಞೆ ಮಾರನೆಯ ದಿನ ಹುಟ್ಟುತ್ತದೆ. ತಾಯಿಗೆ ‘ಸಲುಗೆ ಕೊಟ್ಟು ಕೆಡಿಸಿದಳು’ ಎಂಬ ಹೆಸರು ಮೊದಲೇ ಬಂದಿರುತ್ತದೆ. ತಂದೆ ತೋಟಕ್ಕೆ ಹೋದವನು ಕತ್ತಲಾದರೂ ಬರುವುದಿಲ್ಲ. ತಂಗಿಯನ್ನು ಯಾರೂ ಕೇಳುವುದಿಲ್ಲ; ‘ಅಪ್ಪ ಅಮ್ಮನನ್ನು ನೋಡಿಕೊ’ ಎಂದು ಅವಳಿಗೇ ಬುದ್ಧಿ ಹೇಳಿ ಹೋಗುತ್ತಾರೆ.

ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಈ ಬಗೆಯ ದುಃಖಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಹಕ್ಕು ನಿರಾಕರಿಸಿದ ದುಃಖ ಎನ್ನಬಹುದು: ಅಳು ಬಂದರೂ ಎಲ್ಲರೆದುರು ಅಳುವ ಅಧಿಕಾರವನ್ನು ಸಮಾಜ ಕೊಡದ ಸ್ಥಿತಿ. ನಮ್ಮಲ್ಲಿ ಧರ್ಮಾಚರಣೆಗೆ ಈ ವ್ಯತ್ಯಾಸ ಮೊದಲೇ ಹೊಳೆದಿತ್ತು ಎನಿಸುತ್ತದೆ. ದುರ್ಮರಣಕ್ಕೆ ಗೋಕರ್ಣಕ್ಕೆ ಹೋಗಿ ನಾರಾಯಣ ಬಲಿ ಮಾಡಿಸುವ ಪದ್ಧತಿ ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿದೆ. ನಂಬುವುದು ಬಿಡುವುದು ಅವರವರಿಗೆ. ಆದರೆ ಈ ಸಾವು ಬೇರೆ ತರಹದ್ದು ಎಂದು ಬಾಯಿಬಿಟ್ಟು ಹೇಳಿ, ಅದಕ್ಕಾಗಿ ಮಾಡಬೇಕಾದ ಒಂದು ಕೆಲಸವನ್ನು ಕೈಗೆ ಕೊಡುವುದು ಆ ವಿಧಿ ಒಂದೇ. ಸರ್ಕಾರದ ಕಡತದಲ್ಲಿ ಅಂಥದ್ದೇನೂ ಇಲ್ಲ.

ಹಾಗೆಂದು ಇಂಥ ಪ್ರತಿಯೊಂದು ದುಃಖವನ್ನೂ ಕಾಯಿಲೆ ಎನ್ನುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ 11ನೇ ವರ್ಗೀಕರಣ 2022ರಲ್ಲಿ ಜಾರಿಗೆ ಬಂದಾಗ ‘ದೀರ್ಘಕಾಲದ ಶೋಕ’ವನ್ನು ಒಂದು ಸಮಸ್ಯೆಯೆಂದು ಸೇರಿಸಿತು. ಕನಿಷ್ಠ ಆರು ತಿಂಗಳು ಮೀರಿ, ಆಯಾ ಸಮಾಜದ ವಾಡಿಕೆಗೂ ಮೀರಿ, ದಿನದ ಬದುಕೇ ನಿಂತಿದ್ದರೆ ಮಾತ್ರ ಅದು ಅನ್ವಯ. ಹೆಚ್ಚಿನವರಿಗೆ ಬೇಕಾದದ್ದು ಮಾತ್ರೆಗಿಂತ ಮೊದಲು ಸುಳ್ಳು ಹೇಳಬೇಕಿಲ್ಲದ ಒಬ್ಬ ಕೇಳುಗ.

ಬೇಡ ಎನ್ನುವವರ ವಾದ

ಇಂಥ ಮನೆಗಳಿಗೆಂದೇ ಒಂದು ನೆರವಿನ ವ್ಯವಸ್ಥೆ ಬೇಕು ಎಂಬುದಕ್ಕೆ ವಿರೋಧವಿಲ್ಲದೆ ಇಲ್ಲ. ಆ ವಾದಗಳನ್ನು ತಳ್ಳಿಹಾಕುವಂತೆಯೂ ಇಲ್ಲ. ಪೊಲೀಸ್ ದೃಷ್ಟಿಯ ಆಕ್ಷೇಪ ಇದು: ಸತ್ತವನ ಬಗ್ಗೆ ಮರುಕ ತೋರಿಸುತ್ತ ಹೋದರೆ ಸೇದುವುದೂ ಒಂದು ದುರದೃಷ್ಟ ಎಂಬಂತಾಗುತ್ತದೆ, ಹುಡುಗರಿಗೆ ಭಯ ಹೋಗುತ್ತದೆ. ಈ ವಾದದಲ್ಲಿ ಒಂದು ಬಿರುಕಿದೆ. ಭಯ ಹುಟ್ಟಿಸಬೇಕಾದದ್ದು ಬದುಕಿರುವ ಗ್ರಾಹಕನಿಗೆ, ಮಾರುವವನಿಗೆ. ತಾಯಿಯನ್ನು ಒಂಟಿಯಾಗಿ ಬಿಟ್ಟರೆ ಅವರಿಬ್ಬರಲ್ಲಿ ಯಾರಿಗೂ ಭಯವಾಗುವುದಿಲ್ಲ. ಅಷ್ಟೇ ಅಲ್ಲ, ಮಾರಿದವನ ಹೆಸರು ಗೊತ್ತಿರುವುದು ಎಷ್ಟೋ ಬಾರಿ ಆ ಮನೆಗೇ. ಗೌರವದಿಂದ ನಡೆಸಿಕೊಂಡ ಮನೆ ಬಾಯಿ ಬಿಡುತ್ತದೆ.

ವ್ಯಸನಮುಕ್ತಿ ಕೆಲಸದವರ ಆಕ್ಷೇಪ ಹೆಚ್ಚು ಗಟ್ಟಿ. ಬದುಕಿರುವವರಿಗೇ ಹಾಸಿಗೆ, ವೈದ್ಯರು, ಔಷಧ ಸಾಲದಿರುವಾಗ ಸತ್ತವರ ಹೆಸರಿನಲ್ಲಿ ಖರ್ಚೇಕೆ? ಏಮ್ಸ್ ನೇತೃತ್ವದ 2019ರ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಗಾಂಜಾ, ಭಂಗಿ ಬಳಸುವವರು ಸುಮಾರು 3.1 ಕೋಟಿ, ಮದ್ಯ ಕುಡಿಯುವವರು 16 ಕೋಟಿ. ಕೊರತೆಯ ಮಾತು ಸುಳ್ಳಲ್ಲ. ಆದರೆ ಆತ್ಮಹತ್ಯೆಯಲ್ಲಿ ಹತ್ತಿರದವರನ್ನು ಕಳೆದುಕೊಂಡವರಿಗೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿರುವ ಸಂಗತಿ. ಸತ್ತವನ ತಮ್ಮ ಅದೇ ಗೆಳೆಯರ ನಡುವೆ, ಅದೇ ಬೀದಿಯಲ್ಲಿ ಬೆಳೆಯುತ್ತಿರುತ್ತಾನೆ. ಈ ಮನೆಯನ್ನು ನೋಡಿಕೊಳ್ಳುವುದೂ ತಡೆಗಟ್ಟುವ ಕೆಲಸವೇ.

ಮನೆಯ ಹಿರಿಯರದು ಮೂರನೆಯ ವಾದ: ಮಗಳ ಮದುವೆ ಆಗಬೇಕು, ಸುಮ್ಮನಿರಿ. ಪಟ್ಟಣದಲ್ಲಿ ಕುಳಿತು ಇದನ್ನು ಹಳೆಯ ಕಾಲದ ಮಾತೆಂದು ಜರಿಯುವುದು ಸುಲಭ. ಸಂಬಂಧ ಮುರಿದುಬಿದ್ದರೆ ಅದರ ಪೆಟ್ಟು ತಿನ್ನುವವರು ಅವರೇ. ಆದ್ದರಿಂದ ಯಾವುದೇ ವ್ಯವಸ್ಥೆಯೂ ಮೊದಲು ಕೊಡಬೇಕಾದ ಭರವಸೆ ಗೋಪ್ಯತೆಯದು. ‘ಮಾದಕ ವಸ್ತು ಸಂತ್ರಸ್ತ ಕುಟುಂಬಗಳ ಸಭೆ’ ಎಂದು ಬ್ಯಾನರ್ ಕಟ್ಟಿ ಕರೆದರೆ ಒಬ್ಬರೂ ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೇ ತಪ್ಪು.

ಮದ್ಯದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಗಾಂಜಾದ ಸಾವಿಗೆ ಮರ್ಯಾದೆಯ ಪ್ರಶ್ನೆ, ಮದ್ಯದ ಸಾವಿಗೆ ‘ಲಿವರ್ ಹೋಗಿತ್ತು’ ಎಂಬ ವಿವರಣೆ. ಒಂದರ ಮಾರಾಟಗಾರ ಜೈಲಿಗೆ, ಇನ್ನೊಂದರ ಮಾರಾಟದಿಂದ ಖಜಾನೆಗೆ ಆದಾಯ. ಹೆಂಡತಿ ಮಕ್ಕಳ ದುಃಖದಲ್ಲಿ ಆ ವ್ಯತ್ಯಾಸವೇನೂ ಇಲ್ಲ.

ಗುಟ್ಟಿಗೆ ತೆರುವ ಬೆಲೆ

ಮೌನಕ್ಕೆ ದುಡ್ಡಿನ ಲೆಕ್ಕವೂ ಇದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಪ್ರಮಾಣಪತ್ರದಲ್ಲಿ ಕಾರಣ ಬರೆದುಬಿಡುತ್ತಾರೆ ಎಂಬ ಹೆದರಿಕೆಯಿಂದ ತಡ ಮಾಡುವವರಿದ್ದಾರೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು, ಯಾರಿಗೇ ಕೊಡುವ ಮರಣದ ಪ್ರತಿಯಲ್ಲೂ ಸಾವಿನ ಕಾರಣವನ್ನು ತೋರಿಸಬಾರದು ಎಂದು ನಿಚ್ಚಳವಾಗಿ ಹೇಳುತ್ತದೆ. ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದರೆ ಅದರಿಂದ ಗುಟ್ಟು ರಟ್ಟಾಗುವುದಿಲ್ಲ.

ಬ್ಯಾಂಕಿಗೆ ಹೋಗಲೇಬೇಕು. ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗುತ್ತಿದ್ದರೆ ಅದು ಜೀವನ ಜ್ಯೋತಿ ಬಿಮೆ. ಸೇರಿದ ಮೊದಲ 30 ದಿನಗಳ ನಿರ್ಬಂಧ ಬಿಟ್ಟರೆ, ಯಾವ ಕಾರಣದಿಂದ ಸತ್ತರೂ ನಾಮಿನಿಗೆ 2 ಲಕ್ಷ ರೂಪಾಯಿ. 20 ರೂಪಾಯಿಯ ಸುರಕ್ಷಾ ಬಿಮೆ ಬೇರೆ, ಅದು ಅಪಘಾತಕ್ಕೆ ಮಾತ್ರ, ಆತ್ಮಹತ್ಯೆಗೆ ಸಿಗುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು, ‘ಇಂಥ ಸಾವಿಗೆ ಏನೂ ಬರುವುದಿಲ್ಲ’ ಎಂದು ಕೈಬಿಟ್ಟರೆ ನಷ್ಟ ಮನೆಗೇ. ಸಾಲಗಾರ ಮಾತ್ರ ಗುಟ್ಟು ನೋಡುವುದಿಲ್ಲ, ವಸೂಲಿಗೆ ಬರುತ್ತಾನೆ.

ಪರಿಹಾರಧನ ಕೊಡಬೇಕೇ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ರೈತ ಆತ್ಮಹತ್ಯೆಗೆ ರಾಜ್ಯ 5 ಲಕ್ಷ ರೂಪಾಯಿ ಕೊಡುತ್ತದೆ. ಉಪವಿಭಾಗಾಧಿಕಾರಿ ನೇತೃತ್ವದ ಸಮಿತಿ ಅರ್ಹತೆ ನಿರ್ಧರಿಸುತ್ತದೆ. ಮಾದಕ ವಸ್ತುವಿನ ಸಾವಿಗೂ ಇದೇ ಮಾದರಿ ಎಂದರೆ, ಅರ್ಹತೆ ಸಾಬೀತು ಮಾಡಲು ಮನೆಯವರು ಆ ಸಾವನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಬೇಕಾಗುತ್ತದೆ. ಮೊದಲ ಅಗತ್ಯ ಅದಲ್ಲ ಎಂದೇ ಈ ಲೇಖನದ ಅಭಿಪ್ರಾಯ.

ಇರುವುದರಲ್ಲೇ ಆಗಬಹುದಾದದ್ದು

ಬ್ರಿಟನ್ನಿನಲ್ಲಿ ಬಾತ್ ಮತ್ತು ಸ್ಟರ್ಲಿಂಗ್ ವಿಶ್ವವಿದ್ಯಾಲಯಗಳ ಸಂಶೋಧಕರು ಮಾದಕ ವಸ್ತು, ಮದ್ಯದಿಂದ ಆಪ್ತರನ್ನು ಕಳೆದುಕೊಂಡ 106 ಮಂದಿಯನ್ನು ಸಂದರ್ಶಿಸಿ 2015ರಲ್ಲಿ ಒಂದು ಮಾರ್ಗಸೂಚಿ ಹೊರತಂದರು. ಪೊಲೀಸರು, ವೈದ್ಯರು, ಅಂತ್ಯಕ್ರಿಯೆ ನಡೆಸುವವರು ಎಲ್ಲರಿಗೂ ಬರೆದದ್ದು. ಅದರ ಸಾರ ಸರಳ: ದಯೆಯಿಂದ ನಡೆದುಕೊಳ್ಳಿ, ಬಳಸುವ ಪದದ ಮೇಲೆ ಎಚ್ಚರವಿರಲಿ, ಇಲಾಖೆಗಳು ಒಬ್ಬರೊಡನೊಬ್ಬರು ಮಾತನಾಡಿ. ಮೆಲ್ಬರ್ನ್‌ನಲ್ಲಿ 2001ರಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ಆಚರಿಸುವ ಆಗಸ್ಟ್ 31ರ ‘ಮಾದಕ ವಸ್ತು ಅತಿಸೇವನೆ ಜಾಗೃತಿ ದಿನ’ದಲ್ಲಿ ಸತ್ತವರನ್ನು ಹೆಸರು ಹೇಳಿ ನೆನೆಯುತ್ತಾರೆ. ನಾವು ಜಾಥಾ ಮಾಡುವುದು ಜೂನ್ 26ರಂದು. ಅದು ವ್ಯಸನ ಮತ್ತು ಕಳ್ಳಸಾಗಣೆ ವಿರೋಧಿ ದಿನ. ಅಲ್ಲಿ ಸತ್ತವರು ಎಚ್ಚರಿಕೆಯ ಫಲಕಗಳಾಗಿ ಮಾತ್ರ ಬರುತ್ತಾರೆ.

ಶಿವಮೊಗ್ಗಕ್ಕೆ ಹೊರಗಿನ ಮಾದರಿಯನ್ನು ಹೊತ್ತು ತರಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ನಡೆಸಿದ ಸಮುದಾಯ ಕಾರ್ಯಕ್ರಮ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರುಗಳಲ್ಲೇ ಗುರುತಿಸಿ, ವರ್ಷಗಟ್ಟಲೆ ಬೆನ್ನುಹತ್ತಿ ಚಿಕಿತ್ಸೆ ಕೊಟ್ಟಿತು. ಗುಡ್ಡದ ಮೇಲಿನ ಒಂಟಿಮನೆಗೂ ಮನೋವೈದ್ಯಕೀಯ ತಲುಪಬಹುದು ಎಂದು ಅದು ತೋರಿಸಿದೆ. ಶಿವಮೊಗ್ಗದಲ್ಲೇ ನೆಲೆಸಿ, ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಮಾತನಾಡಿದ ಮನೋವೈದ್ಯ ಡಾ. ಅಶೋಕ್ ಪೈ ಅವರ ಊರು ಇದು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ಕಾರ್ಯಕ್ರಮ 2014ರಿಂದ ರಾಜ್ಯದಲ್ಲಿದೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆ ಇದೆ. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ‘ನವಜೀವನ ಸಮಿತಿ’ಗಳಿವೆ. ಅವು ಬದುಕುಳಿದವರ ಕೂಟಗಳು. ಮಗನನ್ನು ಕಳೆದುಕೊಂಡವರನ್ನು ಅಲ್ಲಿ ಕೂರಿಸುವುದು ಕ್ರೂರವಾದೀತು. ಗೆದ್ದವರ ಕಥೆ ಕೇಳುತ್ತ ತನ್ನವನೇಕೆ ಗೆಲ್ಲಲಿಲ್ಲ ಎಂದು ತಾಯಿ ಲೆಕ್ಕ ಹಾಕುತ್ತಾಳೆ. ಆದರೆ ಒಬ್ಬರ ಬೆನ್ನಿಗೆ ಹಲವರು ನಿಯಮಿತವಾಗಿ ಸೇರುವ ಆ ಕ್ರಮವನ್ನು ಎರವಲು ಪಡೆಯಬಹುದು.

ಕೊಂಡಿ ಹಾಕಬೇಕಾದ ಜಾಗ ಶವಾಗಾರ. ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಲ್ಲಿ ಶವಾಗಾರವೂ ಮನೋವೈದ್ಯಕೀಯ ವಿಭಾಗವೂ ಒಂದೇ ಆವರಣದಲ್ಲಿರುತ್ತವೆ. ಶವ ಕೊಡುವಾಗ ಮನೆಯವರ ಕೈಗೆ ಕನ್ನಡದ ಒಂದು ಹಾಳೆ: ಯಾವ ವರದಿ ಎಲ್ಲಿಂದ ಬರುತ್ತದೆ, ಪ್ರತಿಗೆ ಯಾರನ್ನು ಕೇಳಬೇಕು, ಜಪ್ತಿಯಾದ ವಸ್ತು ಹೇಗೆ ಸಿಗುತ್ತದೆ, ಬಿಮೆಗೆ ಏನು ಬೇಕು, ಮಾತನಾಡಬೇಕೆನಿಸಿದರೆ ಯಾವ ಸಂಖ್ಯೆ. ಆ ಹಾಳೆಯಲ್ಲಿ ಮಾದಕ ವಸ್ತು ಎಂಬ ಪದವೇ ಇರಬಾರದು. ಅಸಹಜವಾಗಿ ಸತ್ತ ಎಲ್ಲರ ಮನೆಗೂ ಅದೇ ಹಾಳೆ ಕೊಟ್ಟರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹದಿಮೂರನೇ ದಿನದ ಊಟವೋ ನಲವತ್ತನೇ ದಿನದ ಫಾತಿಹಾವೋ ಮುಗಿದು ನೆಂಟರೆಲ್ಲ ಹೊರಟ ಮೇಲೆ ಸಮಾಜ ಕಾರ್ಯಕರ್ತರಿಂದ ಒಂದು ಕರೆ, ಬೇಡವೆಂದರೆ ಅಲ್ಲಿಗೇ ಬಿಡುವುದು. ಖರ್ಚು ಮುದ್ರಣದ್ದು, ತರಬೇತಿಯದು.

ವರದಿ ಬಂದ ದಿನ

ಇಷ್ಟಾದರೂ ಒಂದು ಬಿಡಿಸಲಾಗದ ಗಂಟಿದೆ. ಪ್ರಯೋಗಾಲಯದ ವರದಿ ಠಾಣೆಗೆ ಬರುತ್ತದೆ, ವೈದ್ಯರ ಅಂತಿಮ ಅಭಿಪ್ರಾಯ ಅದಕ್ಕೆ ಸೇರುತ್ತದೆ, ಕಡತ ಮುಗಿಯುತ್ತದೆ. ಅದು ತಾನಾಗಿ ಮನೆಗೆ ಬರುವುದಿಲ್ಲ. ಬೇಕಾದವರು ಕೇಳಿ ಪಡೆಯಬೇಕು. ಕೇಳುವ ಮನೆಯಲ್ಲೂ ಎಲ್ಲರ ಮನಸ್ಸು ಒಂದೇ ಅಲ್ಲ. ತಾಯಿಗೆ ತಿಳಿಯಬೇಕು, ತಂದೆಗೆ ಬೇಡ. ಇಲ್ಲವೇ ತಂದೆ ಗುಟ್ಟಾಗಿ ತಂದು ಓದಿ, ಅಡಿಕೆ ಮಂಡಿಯ ಚೀಟಿಗಳ ನಡುವೆ ಮಡಚಿ ಇಟ್ಟಿರುತ್ತಾನೆ. ಇಂಗ್ಲಿಷಿನಲ್ಲಿರುವ ಆ ಎರಡು ಪುಟವನ್ನು ಓದಿ ಹೇಳುವವರೂ ಬೇಕು. ಮಾದಕ ವಸ್ತುವಿನ ಅಂಶ ಸಿಕ್ಕಿದೆ ಎಂಬುದಕ್ಕೂ ಅದರಿಂದಲೇ ಸತ್ತ ಎಂಬುದಕ್ಕೂ ಇರುವ ಅಂತರವನ್ನು ಮೆಡಿಕಲ್ ಅಂಗಡಿಯ ಹುಡುಗ ಹೇಳಲಾರ.

ಮೊಬೈಲ್ ಬಿಡಿಸಿಕೊಂಡು ಬಂದ ಮನೆಗಳಲ್ಲಿ ಮುಂದಿನ ತೊಡಕು ಅದರ ಬೀಗ. ಸಂಖ್ಯೆ ಗೊತ್ತಿದ್ದವನು ಅವನೊಬ್ಬನೇ. ರಿಪೇರಿ ಅಂಗಡಿಯವರು ರೀಸೆಟ್ ಮಾಡಿಕೊಡಬಲ್ಲರು, ಆದರೆ ಆಗ ಒಳಗಿನ ಫೋಟೊ, ಧ್ವನಿ ಸಂದೇಶಗಳೆಲ್ಲ ಅಳಿಸಿಹೋಗುತ್ತವೆ. ತನಿಖೆಗಾಗಿ ಅದನ್ನು ತೆರೆದಿದ್ದರೆ, ವಾಪಸು ಪಡೆಯುವ ಅರ್ಜಿಯಲ್ಲೇ ಫೋಟೊಗಳ ಪ್ರತಿಯನ್ನೂ ಕೇಳುವುದು ಒಳ್ಳೆಯದು. ರೀಸೆಟ್ ಮಾಡಿಸುವ ಮುನ್ನವೇ ಇದನ್ನು ವಿಚಾರಿಸಬೇಕು.